ತೇರಿಗೆ ಎಸೆದ ಉತ್ತತ್ತಿಯ ನೇರ ದಾರಿ

ಕುರುಗೋಡಿನ ದೊಡ್ಡಬಸವೇಶ್ವರನದೂ ಸೇರಿದಂತೆ ಬಳ್ಳಾರಿ, ಸಿರುಗುಪ್ಪ ಸೀಮೆಯ ತೇರುಗಳತ್ತ ಭಕ್ತರು ಎಸೆಯುವ ಉತ್ತತ್ತಿ, ಬಾಳೆಹಣ್ಣುಗಳು ನೆಲದ ಮೇಲೆ ನಿಂತವರ ಕಣ್ಣಿಗೆ ಪರವಲಯವೆಂಬ ಬಾಗಿದ ದಾರಿಯಲ್ಲಿ ಹೋಗುತ್ತವೆ. ಆದರೆ ತಿರುಗದೆ ಹಾರುತ್ತಿರುವ ಬಾಳೆಹಣ್ಣಿನ ಮೇಲೆ ಇರುವೆಯೊಂದು ಕುಳಿತು ಪಕ್ಕದ ಉತ್ತತ್ತಿಯನ್ನೇ ನೋಡುತ್ತಿದ್ದರೆ ಅದಕ್ಕೆ ದಾರಿಯ ಬಾಗೂ ಕಾಣದು, ವೇಗದ ಏರಿಳಿತವೂ ಕಾಣದು. ಉತ್ತತ್ತಿ ಗೆರೆ ಎಳೆದಂತೆ ನೇರವಾಗಿ, ಒಂದೇ ವೇಗದಲ್ಲಿ ಸರಿಯುತ್ತಿರುತ್ತದೆ.

ಹೀಗೆ ಒಂದು ವಸ್ತುವಿನಿಂದ ನೋಡಿದಾಗ ಇನ್ನೊಂದಕ್ಕಿರುವ ಚಲನೆಯೇ ಸಾಪೇಕ್ಷ ಚಲನೆ. ಗುರುತ್ವವು ಹಗುರ, ಭಾರ ಎಂದು ನೋಡದೆ ಎರಡರ ವೇಗವನ್ನೂ ಪ್ರತಿ ಸೆಕೆಂಡಿನಲ್ಲೂ ಸೆಕೆಂಡಿಗೆ 9.8 ಮೀಟರಿನಷ್ಟು ಕೆಳಮುಖವಾಗಿ ಬದಲಿಸುವುದರಿಂದ, ಒಂದರ ವೇಗದಲ್ಲಿ ಇನ್ನೊಂದರದನ್ನು ಕಳೆದಾಗ ಗುರುತ್ವವೇ ಲೆಕ್ಕದಿಂದ ಬಿಟ್ಟುಹೋಗುತ್ತದೆ. ಭಾರವಾದದ್ದು ಬೇಗ ಬೀಳುತ್ತದೆಂಬ ನಂಬಿಕೆಯನ್ನು ಗೆಲಿಲಿಯೋ 1638ರ ಗ್ರಂಥದಲ್ಲೇ ಅಲ್ಲಗಳೆದಿದ್ದರೂ ಓದಿದವರೂ ಅದನ್ನು ಬಿಟ್ಟಿಲ್ಲ. ಹೂವು ತಡವಾಗಿ ಇಳಿಯುವುದು ಗಾಳಿಯ ತಡೆಯಿಂದಲೇ ಹೊರತು ಹಗುರವಾದುದಕ್ಕೆ ಗುರುತ್ವ ರಿಯಾಯಿತಿ ಕೊಡುವುದರಿಂದಲ್ಲ. ಇನ್ನು ಉತ್ತತ್ತಿ ಕಳಸಕ್ಕೆ ತಾಗಿದರೆ ಇಷ್ಟಾರ್ಥ ಸಿದ್ಧಿಯೆಂಬ ಮಾತು. ತಾಗುವುದೋ ತಪ್ಪುವುದೋ ಎಂಬುದು ಅದು ಕೈಬಿಟ್ಟ ಕ್ಷಣದ ವೇಗ ಮತ್ತು ದಿಕ್ಕಿನಲ್ಲೇ ಬಹುಪಾಲು ನಿಶ್ಚಯವಾಗಿರುತ್ತದೆ.

ಬಳ್ಳಾರಿ ಗುಡ್ಡದ ಕಡಿದಾದ ಬಂಡೆಯಂಚಿನಿಂದ ಒಂದು ಕಲ್ಲನ್ನೂ, ಒಂದು ಸೆಕೆಂಡಿನ ನಂತರ ಇನ್ನೊಂದನ್ನೂ ಬಿಟ್ಟರೆಂದು ಭಾವಿಸಿದರೆ, ಎರಡನೆಯದು ಕೈಬಿಡುವಾಗ ಅವುಗಳ ಅಂತರ 4.9 ಮೀಟರ್, ಮರುಸೆಕೆಂಡಿಗೆ 14.7, ಅದರ ಮುಂದಿನ ಸೆಕೆಂಡಿಗೆ 24.5 ಮೀಟರ್ ಆಗುತ್ತದೆ. ಕಲ್ಲುಗಳ ವೇಗ ಏರುತ್ತಲೇ ಇದ್ದರೂ ಅಂತರ ಮಾತ್ರ ಸೆಕೆಂಡಿಗೆ 9.8 ಮೀಟರಿನಂತೆ ಒಂದೇ ಸಮನಾಗಿ ಬೆಳೆಯುತ್ತದೆ.

ಈ ಸರಳ ನಿಯಮ ಭೂಮಿಯನ್ನು ಸುತ್ತುವ ಉಪಗ್ರಹಗಳಿಗೆ ಪೂರ್ತಿ ಹೊಂದುವುದಿಲ್ಲ. ಅವೂ ಮುಕ್ತವಾಗಿ ಬೀಳುತ್ತಲೇ ಇರುವ ವಸ್ತುಗಳಾದರೂ, ಗುರುತ್ವದ ಬಲ ಮತ್ತು ದಿಕ್ಕು ಜಾಗದಿಂದ ಜಾಗಕ್ಕೆ ತುಸು ಬೇರೆಯಾಗುವುದರಿಂದ ಕಳೆದ ಮೇಲೂ ಒಂದಿಷ್ಟು ಶೇಷ ಉಳಿಯುತ್ತದೆ. ಒಂದೇ ಕಕ್ಷೆಯಲ್ಲಿ ಹಿಂದಿರುವ ಉಪಗ್ರಹವು ಮುಂದಿನದನ್ನು ಹಿಡಿಯಲೆಂದು ವೇಗ ಹೆಚ್ಚಿಸಿಕೊಂಡರೆ ಅದರ ಕಕ್ಷೆ ದೊಡ್ಡದಾಗಿ, ಒಂದು ಸುತ್ತಿಗೆ ಹಿಡಿಯುವ ಕಾಲ ಹೆಚ್ಚಿ, ಅದು ಇನ್ನಷ್ಟು ಹಿಂದೆ ಬೀಳುತ್ತದೆ. ವೇಗ ತಗ್ಗಿಸಿದರೆ ಕೆಳಗಿಳಿದು ಮುಂದೆ ಸಾಗುತ್ತದೆ! ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಇಸ್ರೋ, 2024ರ ಡಿಸೆಂಬರ್ 30ರಂದು ಹಾರಿಸಿದ ಸ್ಪೇಡೆಕ್ಸ್ ಯೋಜನೆಯ ತಲಾ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳನ್ನು ಈ ಶೇಷದ ಲೆಕ್ಕವನ್ನೂ ಹಿಡಿದು ಹತ್ತಿರ ತಂದು, 2025ರ ಜನವರಿ 16ರಂದು ಒಂದಕ್ಕೊಂದು ಜೋಡಿಸಿತು. ಅಮೆರಿಕ, ರಷ್ಯಾ, ಚೀನಾಗಳ ನಂತರ ಇದನ್ನು ಸಾಧಿಸಿದ ನಾಲ್ಕನೆಯ ದೇಶ ಭಾರತ.