ಹನ್ನೊಂದಕ್ಕಿಂತ ಮೊದಲು ಹತ್ತು ಇದ್ದವು!

ಓದುಗರೇ, ಒಂದು ಪ್ರಶ್ನೆ. ಮೊಬೈಲ್ ಮುಟ್ಟದೆ ಉತ್ತರ ಹೇಳಬೇಕು!

‘ಅಮರ ಚಿತ್ರಕಥೆ’ ಮೊಟ್ಟಮೊದಲು ಯಾವ ಭಾಷೆಯಲ್ಲಿ ಬಂತು?

ಇಂಗ್ಲಿಷ್? ಅಲ್ಲ. ಹಿಂದಿ? ಅಲ್ಲವೇ ಅಲ್ಲ. ಮುಂಬೈಯ ಪ್ರಕಾಶಕರು, ಹಾಗಾದರೆ ಮರಾಠಿಯೇ ಇರಬೇಕು ಅಂತೀರಾ? ಊಹೂಂ!

ಉತ್ತರ ಈಗಲೇ ಕೊಡುವುದಿಲ್ಲ. ಮೊದಲು ನಾನು ತಂದಿರುವ ಕಟ್ಟು ಬಿಚ್ಚೋಣ. ಎಲ್ಲ ಹಳೆ ಪುಸ್ತಕಗಳೇ, ನನ್ನ ಕೈಗೆ ಮಾತ್ರ ಹೊಸವು. ಪಿನ್ನಿಗೆ ತುಕ್ಕು ಹಿಡಿದಿದೆ. ಮೂಲೆಗಳೆಲ್ಲ ಮಡಚಿವೆ. ಹಿಂದಿನ ಯಜಮಾನ ಯಾರೋ, ಪುಣ್ಯಾತ್ಮ, ಒಬ್ಬ ರಾಕ್ಷಸನಿಗೆ ಪೆನ್ನಿನಲ್ಲಿ ಕನ್ನಡಕ ಬರೆದಿದ್ದಾನೆ! ಶಿಕಾರಿಪುರದಲ್ಲಿ ಬಸ್ ಹತ್ತಿ ಮೊದಲ ಪುಟ ತೆರೆದೆ. ಶಿರಾಳಕೊಪ್ಪ ದಾಟಿದ್ದೇ ಗೊತ್ತಾಗಲಿಲ್ಲ. ಸೊರಬದಲ್ಲಿ ಕಂಡಕ್ಟರ್ ಕೂಗಿದ ಮೇಲೆ ತಲೆಯೆತ್ತಿದೆ.

ಕಟ್ಟಿನಲ್ಲಿ ‘ಕೃಷ್ಣ’ ಇದೆ. ಇಂಗ್ಲಿಷಿನ ಹಳೆ ಪ್ರತಿ. ರಾಮ್ ವಾಯೀರ್‌ಕರ್ ಅವರ ಚಿತ್ರಗಳು. ಅಬ್ಬಾ, ಆ ನೀಲಿ! ಸರಣಿಯ ಮೊದಲ ಪುಸ್ತಕ ಇದೇ ಎಂದು ಬಹಳ ಜನ ನಂಬಿದ್ದಾರೆ. ಹಾಗಿದ್ದರೆ ಅದರ ಸಂಖ್ಯೆ ಎಷ್ಟಿರಬೇಕು? ಒಂದು ತಾನೆ?

ಮುಖಪುಟ ನೋಡಿ.

11!

ಮೊದಲ ಹತ್ತು ಎಲ್ಲಿ ಹೋದವು?

ಎಲ್ಲೂ ಹೋಗಿಲ್ಲ ಸ್ವಾಮಿ, ನಮ್ಮಲ್ಲೇ ಇದ್ದವು! 1965ನೇ ಇಸವಿ. ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್ ಪರವಾಗಿ ಬೆಂಗಳೂರಿನಲ್ಲಿದ್ದವರು ಜಿ. ಕೆ. ಅನಂತರಾಮ್. ಮಕ್ಕಳಿಗೆ ಚಿತ್ರಕಥೆ ತರಬೇಕೆಂಬ ಹುಮ್ಮಸ್ಸು ಅವರದು. ಹತ್ತು ಪುಸ್ತಕ ಹೊರಬಂದವು. ಹತ್ತೂ ಕನ್ನಡದಲ್ಲಿ! ದೇಶವೆಲ್ಲ ಓದಿದ ‘ಅಮರ ಚಿತ್ರಕಥೆ’ ಮೊದಲು ಬಾಯಿಬಿಟ್ಟದ್ದೇ ಕನ್ನಡದಲ್ಲಿ!

ಆ ಹತ್ತರಲ್ಲಿ ಯಾವ ಕಥೆಗಳಿದ್ದವು? ರಾಮ? ಕೃಷ್ಣ? ಅಭಿಮನ್ಯು?

ಒಬ್ಬರೂ ಇಲ್ಲ! ಇದ್ದವರು ಸಿಂಡ್ರೆಲಾ, ಪಿನೋಕಿಯೋ, ಅಲ್ಲಾವುದ್ದೀನ್, ಸ್ನೋವೈಟ್! ಹುರುಳಿ ಬಳ್ಳಿ ಹತ್ತಿದ ಜ್ಯಾಕ್! ಪರದೇಶದ ರಾಜಕುಮಾರಿಯರೆಲ್ಲ ಕನ್ನಡದಲ್ಲಿ ಅತ್ತು, ಕನ್ನಡದಲ್ಲೇ ನಕ್ಕು, ಕನ್ನಡದಲ್ಲೇ ಮದುವೆಯಾದರು. ಆಮೇಲೆ ಬಂದ ಪುರಾಣಕಥೆಗಳಿಗೆ ಇಂಗ್ಲಿಷಿನಲ್ಲಿ 11ರಿಂದ ಸಂಖ್ಯೆ ಬಿತ್ತು. ಸಂಪಾದಕ ಅನಂತ ಪೈ. 1967ರಲ್ಲಿ ದೆಹಲಿಯ ಟೀವಿಯಲ್ಲಿ ಒಂದು ರಸಪ್ರಶ್ನೆ ಕಾರ್ಯಕ್ರಮ ನೋಡಿದರಂತೆ. ಗ್ರೀಕ್ ದೇವತೆಗಳ ಬಗ್ಗೆ ಪಟಪಟ ಹೇಳಿದ ಹುಡುಗರಿಗೆ ರಾಮನ ತಾಯಿ ಯಾರೆಂದು ಗೊತ್ತಿರಲಿಲ್ಲ! ಪೈಗಳು ಅಲ್ಲಿಂದ ಸುಮ್ಮನೆ ಕೂರಲಿಲ್ಲ. ಅವರು ಹುಟ್ಟಿದ್ದೆಲ್ಲಿ ಗೊತ್ತೇ? ಕಾರ್ಕಳದಲ್ಲಿ, 1929ರಲ್ಲಿ. ನೋಡಿ, ಎಲ್ಲಿ ಕೈಯಿಟ್ಟರೂ ಕರ್ನಾಟಕ!

(ನಿಮ್ಮ ಅಟ್ಟದ ಮೇಲೆ ಹಳೆ ಟ್ರಂಕ್ ಇದೆಯೇ? ರದ್ದಿಯವನನ್ನು ಕರೆಯುವ ಮೊದಲು ಒಮ್ಮೆ ತೆರೆದು ನೋಡಿ. 1965ರ ಕನ್ನಡ ಸಿಂಡ್ರೆಲಾ ಸಿಕ್ಕರೆ ದಯವಿಟ್ಟು ತೂಕಕ್ಕೆ ಹಾಕಬೇಡಿ!)

ಇಷ್ಟಕ್ಕೇ ಬೆರಗಾದಿರಾ? ಇರಿ. ನನಗೆ ರೋಮಾಂಚನವಾದ ಪುಸ್ತಕ ಇನ್ನೊಂದಿದೆ.

‘ಚಂದ್ರಹಾಸ’!

ಯಕ್ಷಗಾನ ನೋಡಿದವರಿಗೆ, ಲಕ್ಷ್ಮೀಶನ ಜೈಮಿನಿ ಭಾರತ ಕೇಳಿದವರಿಗೆ ಕಥೆ ಗೊತ್ತು. ಅನಾಥ ಹುಡುಗ. ಕುಂತಳದ ಮಂತ್ರಿ ದುಷ್ಟಬುದ್ಧಿ. ಮಗುವನ್ನು ಕಾಡಿಗೆ ಒಯ್ದು ಕೊಲ್ಲಿ ಎಂದು ಕಟುಕರಿಗೆ ಅಪ್ಪಣೆ. ಕಟುಕರ ಮನಸ್ಸು ಕರಗುತ್ತದೆ. ಆದರೆ ಕೊಂದೆವು ಎನ್ನುವುದಕ್ಕೆ ಗುರುತು ಬೇಕಲ್ಲ? ಏನು ತೋರಿಸುವುದು? ಹುಡುಗನ ಎಡಗಾಲಿನಲ್ಲಿ ಆರು ಬೆರಳು! ಆರನೆಯದನ್ನು ಕತ್ತರಿಸಿ ಒಯ್ದು ತೋರಿಸುತ್ತಾರೆ. ಎಂಥ ಕಥೆಗಾರಿಕೆ! ಚಿತ್ರಕಥೆಗೆಂದೇ ಹೆಣೆದ ಹಾಗಿದೆ!

ಈಗ ಹೇಳಿ. ಆ ಚಂದ್ರಹಾಸ ಮುಂದೆ ಆಳಿದ ಕುಂತಳನಗರ ಎಲ್ಲಿದೆ?

ಸೊರಬ ತಾಲ್ಲೂಕಿನಲ್ಲಿ! ಆನವಟ್ಟಿಯ ಪಕ್ಕದ ಕುಬಟೂರೇ ಅದು ಎನ್ನುತ್ತದೆ ಸ್ಥಳಪುರಾಣ. ಕೈಟಭೇಶ್ವರನ ದೊಡ್ಡ ಗುಡಿ ಇರುವ ಅದೇ ಕುಬಟೂರು! ಇತಿಹಾಸಕಾರರು ಹುಬ್ಬು ಗಂಟಿಕ್ಕಲಿ, ನನಗೇನೂ ಬೇಜಾರಿಲ್ಲ. ಬಣ್ಣಬಣ್ಣದ ಪುಟದೊಳಗಿನ ರಾಜಧಾನಿಗೆ ಲೋಕಲ್ ಬಸ್ಸಿನಲ್ಲಿ ಹೋಗಿ ಬರುವ ಭಾಗ್ಯ ಎಷ್ಟು ಜನರಿಗುಂಟು?

ಶಿಕಾರಿಪುರದವರು ಮುನಿಸಿಕೊಳ್ಳಬೇಡಿ. ನಿಮ್ಮ ತಾಲ್ಲೂಕಿನ ಬಂಡವಾಳ ಇನ್ನೂ ದೊಡ್ಡದು. ಮದ್ದಳೆ ನುಡಿಸಿದ ಅಲ್ಲಮ ಬಳ್ಳಿಗಾವಿಯವನು. ಅರಮನೆ ಬಿಟ್ಟು ನಡೆದ ಅಕ್ಕಮಹಾದೇವಿ ಉಡುತಡಿಯವಳು. ಇನ್ನು ತಾಳಗುಂದ! ಅಲ್ಲಿ ಪ್ರಣವೇಶ್ವರ ಗುಡಿಯ ಮುಂದೆ ಒಂದು ಕಲ್ಲುಕಂಬ. ವಯಸ್ಸು ಒಂದೂವರೆ ಸಾವಿರ ವರ್ಷಕ್ಕೂ ಹೆಚ್ಚು. ಅದರ ಮೈತುಂಬ ಸಂಸ್ಕೃತ ಕಾವ್ಯ. ಕವಿ ಕುಬ್ಜ. ಬರೆದವನೂ ಅವನೇ, ಕಲ್ಲಿಗೆ ಇಳಿಸಿದವನೂ ಅವನೇ!

ಆ ಕಾವ್ಯದೊಳಗಿನ ಕಥೆ ಕೇಳಿ. ಮಯೂರಶರ್ಮ ಓದಲೆಂದು ಗುರುವಿನ ಜೊತೆ ಕಂಚಿಗೆ ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳ. ಅವಮಾನ. ದರ್ಭೆ ಹಿಡಿದು ರೂಢಿಯಾಗಿದ್ದ ಕೈ ಕತ್ತಿ ಹಿಡಿಯುತ್ತದೆ. ಕಾಡು ಸೇರುತ್ತಾನೆ, ಪಲ್ಲವರ ಗಡಿಕಾವಲಿನವರನ್ನು ಬಗ್ಗುಬಡಿಯುತ್ತಾನೆ, ಕದಂಬ ರಾಜ್ಯ ಕಟ್ಟುತ್ತಾನೆ! ಒಂದು ಚೌಕದಲ್ಲಿ ದರ್ಭೆ, ಮುಂದಿನ ಚೌಕದಲ್ಲಿ ಕತ್ತಿ. ಕಣ್ಣಿಗೆ ಕಟ್ಟಿತೋ ಇಲ್ಲವೋ? ದೇವುಡು ಕಾದಂಬರಿ ಬರೆದರು. 1975ರಲ್ಲಿ ರಾಜ್‌ಕುಮಾರ್ ಮಯೂರನಾಗಿ ತೆರೆಗೆ ಬಂದರು. ಮೂವತ್ತೆರಡು ಪುಟದ ಬಣ್ಣದ ಪುಸ್ತಕವೊಂದು ತಾಳಗುಂದದ ಕಂಬದಿಂದಲೇ ಶುರುವಾಗಬೇಕು, ಅದೂ ಕನ್ನಡದಲ್ಲಿ. ನನ್ನ ಆಸೆ ಇಷ್ಟೇ!

ಚಿತ್ರ ಬರೆಯುವ ಹುಡುಗ ಹುಡುಗಿಯರೇ, ಕೇಳಿಸಿತೇ? ಶಿರಾಳಕೊಪ್ಪದಲ್ಲಿ ಇಳಿಯಿರಿ, ತಾಳಗುಂದ ಅಲ್ಲಿಂದ ಹತ್ತಿರ. ಪೆನ್ಸಿಲ್ ಮರೆಯಬೇಡಿ. ಮೊದಲ ಪ್ರತಿಗೆ ಗಿರಾಕಿ ನಾನೇ!