ಖಾರ ಕಡಿಮಿ ಐತ್ರಿ, ಬಣ್ಣ ನೋಡ್ರಿ

‘ಖಾರ ಕಡಿಮಿ ಐತ್ರಿ ಅಕ್ಕಾರ, ಬಣ್ಣ ನೋಡ್ರಿ.’ ಶಿಗ್ಗಾವಿ ತಾಲ್ಲೂಕಿನ ದುಂಡಸಿ ಸೀಮೆಯ ಸಂತೆಗಳಲ್ಲಿ ಒಣಮೆಣಸಿನಕಾಯಿ ಮಾರುವವಳ ಬಾಯಲ್ಲಿ ಬರುವಂಥ ಮಾತು. ಹೇಳುತ್ತಲೇ ಒಂದು ಕಾಯಿ ಮುರಿದು ಮೂಗಿನ ಹತ್ತಿರ ಹಿಡಿಯುತ್ತಾಳೆ. ಮೊದಲು ಹೇಳಿದ್ದು ತನ್ನ ಮಾಲಿನಲ್ಲಿ ಏನಿಲ್ಲ ಎಂಬುದನ್ನು. ಖಾರ ಬೇಕಾದವರು ಮುಂದೆ ಹೋಗುತ್ತಾರೆ, ಬಣ್ಣ ಬೇಕಾದವರು ಕುಕ್ಕರಗಾಲಲ್ಲಿ ಕೂರುತ್ತಾರೆ.

ಇದೇ ಕಾಯಿ ಈಗ ಮೊಬೈಲಿನಲ್ಲೂ ಸಿಗುತ್ತದೆ. ಅಲ್ಲಿ ಮುರಿದು ತೋರಿಸುವ ಕೈ ಇಲ್ಲ, ಆ ಕೆಲಸವನ್ನೂ ಬರಹವೇ ಮಾಡಬೇಕು. ಆದರೆ ಬರೆದಿರುವುದೇನು? ‘ಅತ್ಯುತ್ತಮ ಗುಣಮಟ್ಟ, ಶೇ 100 ನೈಸರ್ಗಿಕ, ನಿಮ್ಮ ಅಡುಗೆಯನ್ನು ಮುಂದಿನ ಹಂತಕ್ಕೆ ಕೊಂಡೊಯ್ಯಿರಿ.’ ನಮ್ಮ ಕಡೆ ಸಾರನ್ನು ಯಾವ ಹಂತಕ್ಕೂ ಒಯ್ಯುವುದಿಲ್ಲ, ಒಲೆಯಿಂದ ಇಳಿಸುತ್ತಾರೆ. ಮೆಣಸಿನಕಾಯಿ ಎಂಬಲ್ಲಿ ಸವಣೂರಿನ ಖಾರ ಎಂದೋ ಕಡಕ್ ರೊಟ್ಟಿ ಎಂದೋ ಬದಲಿಸಿದರೂ ಆ ವಾಕ್ಯಗಳಿಗೆ ಏನೂ ಆಗುವುದಿಲ್ಲ. ಯಾವ ಮಾಲಿಗೂ ಹೊಂದುವ ಮಾತು ಯಾವ ಮಾಲನ್ನೂ ಮಾರುವುದಿಲ್ಲ.

ಹೇಳಲು ಏನೂ ಇಲ್ಲವೆಂದಲ್ಲ. ಇದು ಬ್ಯಾಡಗಿ ಮೆಣಸಿನಕಾಯಿ, ಇದಕ್ಕೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ. ಇದರಲ್ಲಿ ಗಿಡ್ಡಗೆ ದುಂಡಗಿದ್ದು ಬೀಜ ತುಂಬಿದ್ದು ಡಬ್ಬಿ. ಉದ್ದಕ್ಕೆ ಸಪೂರವಾಗಿ ಸುಕ್ಕುಗಟ್ಟಿದ್ದು ಕಡ್ಡಿ. ಬ್ಯಾಡಗಿ ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಲಿಪ್‌ಸ್ಟಿಕ್, ಉಗುರುಬಣ್ಣಕ್ಕೂ ಹೋಗುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಬರುವುದುಂಟು. ಬಳ್ಳಾರಿ, ರಾಯಚೂರಿನದಷ್ಟೇ ಅಲ್ಲ, ಆಂಧ್ರದ ಮಾಲೂ ಅದರಲ್ಲಿರುತ್ತದೆ. ಹಾಗಾಗಿ ‘ಬ್ಯಾಡಗಿ’ ಎಂದು ಬರೆದರೆ ಸಾಲದು. ಯಾವ ಊರ ಹೊಲದ್ದು, ಯಾವ ತಳಿ, ಯಾವ ಸಾಲಿನದು ಎಂದು ಹೇಳಬೇಕು.

ಬ್ಯಾಡಗಿಯ ಗೋದಾಮುಗಳಲ್ಲಿ ಹೆಂಗಸರು ಸಾಲಾಗಿ ಕೂತು ಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತಾರೆ. ಬಣ್ಣ ಕೆಡದಿರಲೆಂದು ಮಾಲನ್ನು ಶೀತಲಗೃಹದಲ್ಲಿ ಇಡುತ್ತಾರೆ. ವ್ಯಾಪಾರಿಗಳಿಗೆ ಇದೆಲ್ಲ ದಿನಬೆಳಗಾದರೆ ಕಾಣುವುದು, ಬರೆಯುವಷ್ಟು ದೊಡ್ಡದಲ್ಲ. ಅಮೆರಿಕದ ಜಾಹೀರಾತು ಬರಹಗಾರ ಕ್ಲಾಡ್ ಹಾಪ್ಕಿನ್ಸ್ ಗೆದ್ದದ್ದು ಇಲ್ಲೇ. ಶ್ಲಿಟ್ಜ್ ಬಿಯರ್ ಕಾರ್ಖಾನೆಯಲ್ಲಿ ಬಾಟಲಿಗಳನ್ನು ತೊಳೆಯುವ ಬಗೆಯನ್ನು ಕಂಡು ಅದನ್ನೇ ಬರೆದ. ಎಲ್ಲ ಕಾರ್ಖಾನೆಯವರೂ ಮಾಡುತ್ತಿದ್ದ ಕೆಲಸವೇ ಅದು, ಯಾರೂ ಹೇಳಿರಲಿಲ್ಲ ಅಷ್ಟೆ.

ಸಂತೆಯಲ್ಲೂ ಅವಸರ ಹುಟ್ಟಿಸುತ್ತಾರೆ. ಹೊತ್ತು ಮುಳುಗುವಾಗ ‘ಇದೇ ಕಡೀ ಬುಟ್ಟಿ’ ಎನ್ನುತ್ತಾರೆ. ಆದರೆ ಬುಟ್ಟಿ ಕಣ್ಣೆದುರೇ ಇರುತ್ತದೆ. ‘ಇನ್ನು ಎರಡೇ ಪ್ಯಾಕೆಟ್’ ಎಂದು ಮೊಬೈಲು ಹೆದರಿಸಿದರೆ ಗೋದಾಮಿಗೆ ಇಣುಕುವುದು ಹೇಗೆ? 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಂಥ 13 ಕುತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರದ್ದು ಅದರಲ್ಲಿ ಮೊದಲನೆಯದು. ಬೇಡ ಎಂದವರನ್ನು ನಾಚಿಸುವ ಬಟನ್ನೂ ಆ ಪಟ್ಟಿಯಲ್ಲಿದೆ.

ಮನೆಯ ಮಾಲನ್ನು ಮೊಬೈಲಿನಲ್ಲಿ ಮಾರಹೊರಟ ಪರಿಚಯದ ಹುಡುಗನೊಬ್ಬ ನಾಲ್ಕು ಸಾಲು ಬರೆದುಕೊಡಿ ಎಂದ. ಬರೆದೆ: ‘ಈ ಸುಗ್ಗಿಯ ಡಬ್ಬಿ ಕಾಯಿ. ತುಂಬು ಬಿಡಿಸಿದ್ದು. ಸಾರು ಕೆಂಪಗಾಗುತ್ತದೆ, ಬಾಯಿ ಉರಿಯುವುದಿಲ್ಲ. ಖಾರ ಬೇಕಿದ್ದರೆ ಎರಡು ಗುಂಟೂರು ಕಾಯಿ ಸೇರಿಸಿಕೊಳ್ಳಿ.’

ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, ‘ಎಲ್ಲಾ ಖರೇ ಐತ್ರಿ ಸರ, ಆದ್ರ ಗುಂಟೂರಿನ ಹೆಸರ್ ಯಾಕ್ ಹಾಕೀರಿ?’