ಹಳೆಯ ಕಥೆಗೆ ಹೊಸ ವೇಷ: ನೋಡುಗ ಏನೆನ್ನುತ್ತಾನೆ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ವಾಲಿಯ ಪ್ರಸಂಗದ ತಾಳಮದ್ದಳೆ ನಡೆದರೆ ಕೂಟ ಮುಗಿದ ಮೇಲೂ ಮಾತು ಮುಗಿಯುವುದಿಲ್ಲ. ಭಾಗವತರು ಮಂಗಳ ಹಾಡಿ ತಾಳ ಕೆಳಗಿಡುತ್ತಾರೆ. ಕೇಳಲು ಬಂದವರು ಮಾತ್ರ ಹೋಟೆಲಿನ ಬೆಂಚಿನಲ್ಲಿ, ಬಸ್ಸಿಗೆ ಕಾಯುವ ಕಟ್ಟೆಯಲ್ಲಿ ಅದನ್ನೇ ಮುಂದುವರಿಸುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೇ ಎಂದು ವಾಲಿ ಕೇಳಿದ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ಧರ್ಮದ ಮಾತಾಡಬಹುದೇ ಎಂದು ರಾಮ ಮರುಪ್ರಶ್ನೆ ಹಾಕಿದ. ಈ ಸಲ ಯಾರ ಮಾತು ಮೇಲಾಯಿತು? ವಾಲಿ ಸಾಯುತ್ತಾನೆಂಬುದು ಎಲ್ಲರಿಗೂ ಗೊತ್ತು. ಆದರೂ ಚರ್ಚೆಗೆ ಕೊನೆಯಿಲ್ಲ.

ಅರ್ಥಧಾರಿಗೆ ಬಣ್ಣವಿಲ್ಲ, ಕಿರೀಟವಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇಲ್ಲ. ಪದ್ಯ ಹಳೆಯದು, ಅರ್ಥ ಆ ಹೊತ್ತಿನದು. ಇಂದಿನ ರಾಜಕೀಯ, ಇಂದಿನ ಕುಟುಂಬದ ಜಗಳ ಎಲ್ಲವೂ ವಾಲಿಯ ಬಾಯಲ್ಲಿ ಬಂದೀತು. ಎಲ್ಲಿ ಹಿಡಿಸಿತು, ಎಲ್ಲಿ ಅತಿಯಾಯಿತು ಎಂದು ಹೇಳುವವನು ಎದುರು ಕುಳಿತ ಕೇಳುಗ. ಪುರಾಣಕ್ಕೆ ಹೊಸ ವೇಷ ತೊಡಿಸಿದಾಗ ಅದನ್ನು ಅಳೆಯುವ ಅಭ್ಯಾಸ ಈ ಮೂರೂ ಊರುಗಳಿಗೆ ಹೊಸದಲ್ಲ. ಇಂಥದೇ ಪರೀಕ್ಷೆಯನ್ನು ದೂರದ ಅಮೆರಿಕದ ಒಂದು ಟಿ.ವಿ. ಧಾರಾವಾಹಿಯೂ ಎದುರಿಸಬೇಕಾಯಿತು.

ಕುರಿಗಾಹಿ ಸಿಪಾಯಿಯಾದಾಗ

2009ರ ಮಾರ್ಚ್‌ನಲ್ಲಿ ಎನ್‌ಬಿಸಿ ವಾಹಿನಿ ‘ಕಿಂಗ್ಸ್’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಮೈಕೆಲ್ ಗ್ರೀನ್ ಅದರ ಕರ್ತೃ. ಬೈಬಲಿನ ಸಮುವೇಲನ ಗ್ರಂಥದಲ್ಲಿ ಬರುವ ಸೌಲ ಮತ್ತು ದಾವೀದರ ಕಥೆಯೇ ಅದರ ಮೂಲ. ಸೌಲ ಇಸ್ರಾಯೇಲರ ಮೊದಲ ಅರಸ. ಬೇತ್ಲೆಹೇಮಿನ ಕುರಿ ಕಾಯುವ ಹುಡುಗ ದಾವೀದ ಕವಣೆ ಕಲ್ಲಿನಿಂದ ಆರು ಮೊಳಕ್ಕೂ ಮಿಕ್ಕಿದ ಎತ್ತರದ ಗೊಲ್ಯಾತನನ್ನು ಕೆಡವುತ್ತಾನೆ. ಜನ ಹುಡುಗನನ್ನು ಕೊಂಡಾಡಿದಂತೆಲ್ಲ ಅರಸನ ಎದೆಯಲ್ಲಿ ಮತ್ಸರ ಬೆಳೆಯುತ್ತದೆ.

ಧಾರಾವಾಹಿಯಲ್ಲಿ ಇದೆಲ್ಲ ಇಂದಿನ ಕಾಲದಲ್ಲಿ ನಡೆಯುತ್ತದೆ. ಗಿಲ್ಬೋವ ಎಂಬ ಕಲ್ಪಿತ ದೇಶ, ಗಗನಚುಂಬಿ ಕಟ್ಟಡಗಳ ರಾಜಧಾನಿ ಶೀಲೋ. ಅರಸ ಸೈಲಸ್ ಕೋಟು, ಟೈ ಧರಿಸುತ್ತಾನೆ. ಡೇವಿಡ್ ಶೆಫರ್ಡ್ ಎಂಬ ಸಿಪಾಯಿ ಕೆಡವುವುದು ರಾಕ್ಷಸನನ್ನಲ್ಲ, ‘ಗೋಲಿಯಾತ್’ ಎಂಬ ಹೆಸರಿನ ಶತ್ರು ಟ್ಯಾಂಕನ್ನು. ದಾವೀದನ ಕಿನ್ನರಿಯ ಜಾಗದಲ್ಲಿ ಪಿಯಾನೊ ಇದೆ. ಎಣ್ಣೆಯ ಅಭಿಷೇಕಕ್ಕೆ ಬದಲಾಗಿ ತಲೆಯ ಮೇಲೆ ಕಿರೀಟದಂತೆ ಕೂರುವ ಚಿಟ್ಟೆಗಳು ಬರುತ್ತವೆ. ಮೂಲದಲ್ಲಿ ಹೆಂಗಸರ ಹಾಡು ಸೌಲನ ಹೊಟ್ಟೆಕಿಚ್ಚಿಗೆ ಕಾರಣವಾದರೆ, ಇಲ್ಲಿ ಕ್ಯಾಮರಾಗಳೂ ಜನರ ಜಯಕಾರವೂ ಆ ಕೆಲಸ ಮಾಡುತ್ತವೆ. ಯುದ್ಧದಿಂದ ಲಾಭ ಪಡೆಯುವ ದೊಡ್ಡ ಕಂಪನಿಯೊಂದು ಅರಸನ ಬೆನ್ನ ಹಿಂದೆಯೇ ಇದೆ.

ನೋಡಿದವರ ಅಭಿಪ್ರಾಯ ಎರಡಾಯಿತು. ಅರಸನಾದ ಇಯಾನ್ ಮೆಕ್‌ಶೇನ್ ಅವರ ಅಭಿನಯವನ್ನು ಮೆಚ್ಚಿದವರು ಬಹಳ. ಸಮುವೇಲನ ಗ್ರಂಥ ಬಲ್ಲವರಿಗೆ ಪ್ರತಿ ಹೆಸರಿನಲ್ಲೂ ಗುರುತು ಹಿಡಿಯುವ ಸಂತೋಷ. ಕಥೆ ಗೊತ್ತಿಲ್ಲದವರಿಗೆ ಆಧುನಿಕ ನಗರದಲ್ಲಿ ಅರಸನೇಕೆ, ಇವರೆಲ್ಲ ನಾಟಕದ ಭಾಷೆಯಲ್ಲಿ ಏಕೆ ಮಾತಾಡುತ್ತಾರೆ ಎಂಬ ಗೊಂದಲ. ಭಕ್ತರಲ್ಲೂ ಒಂದೇ ಮಾತಿರಲಿಲ್ಲ. ಮೂಲದಲ್ಲಿ ಸೌಲನ ಮಗ ಯೋನಾತಾನ ದಾವೀದನ ಪ್ರಾಣಸ್ನೇಹಿತ. ತಂದೆಯ ಸಿಟ್ಟಿನಿಂದ ಗೆಳೆಯನನ್ನು ಕಾಪಾಡಿದವನು ಅವನೇ. ಧಾರಾವಾಹಿಯ ರಾಜಕುಮಾರ ಜ್ಯಾಕ್ ಮಾತ್ರ ಡೇವಿಡನನ್ನು ಅಸೂಯೆಯಿಂದ ಕಾಣುತ್ತಾನೆ.

ಟ್ಯಾಂಕು, ಪಿಯಾನೊ, ಕೋಟುಗಳು ಹೊರಗಿನ ವೇಷ. ಅವು ಬದಲಾದರೆ ಕಥೆಗೆ ನಷ್ಟವಿಲ್ಲ. ಸ್ನೇಹ ಅಸೂಯೆಯಾದರೆ ಕಥೆಯ ಒಳಗಿನ ಎಲುಬನ್ನೇ ಮುಟ್ಟಿದ ಹಾಗೆ. ಇನ್ನೊಂದೆಡೆ, ತಾನೇ ಪಟ್ಟ ಕಟ್ಟಿದ ಅರಸನಿಗೆ ಬೆನ್ನು ತಿರುಗಿಸುವ ಸಮುವೇಲನ ದಿಟ್ಟತನವನ್ನು ಧಾರಾವಾಹಿಯ ಪಾದ್ರಿಯ ಪಾತ್ರ ಉಳಿಸಿಕೊಂಡಿತು. ಅಧಿಕಾರಕ್ಕೆ ಸತ್ಯ ಹೇಳುವವರು ಯಾರು ಎಂಬ ಹಳೆಯ ಪ್ರಶ್ನೆ ಹೊಸ ನಗರದಲ್ಲಿಯೂ ಹಾಗೆಯೇ ನಿಂತಿತು.

ನೋಡುಗರ ಸಂಖ್ಯೆ ಸಾಲಲಿಲ್ಲ. ಭಾನುವಾರದಿಂದ ಶನಿವಾರಕ್ಕೆ ತಳ್ಳಿ, ನಡುವೆ ನಿಲ್ಲಿಸಿ, ಅದೇ ವರ್ಷದ ಜುಲೈಯಲ್ಲಿ ‘ಕಿಂಗ್ಸ್’ ಮುಗಿಯಿತು.

ಮೂಡುಬಿದಿರೆಯ ಕವಿ

ಅಮೆರಿಕದ ಮಾತು ಅಲ್ಲಿರಲಿ. ಪವಿತ್ರ ಕಥೆಯನ್ನು ಹೊಸದಾಗಿ ಹೇಳಿ ಜನರ ಮುಂದಿಟ್ಟ ಧೈರ್ಯವಂತ ಮೂಡುಬಿದಿರೆಯಲ್ಲಿಯೇ ಇದ್ದ. ಆತ ರತ್ನಾಕರವರ್ಣಿ. 1557ರಲ್ಲಿ ಮುಗಿದ ಅವನ ‘ಭರತೇಶ ವೈಭವ’ ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ಕಾವ್ಯ.

ಬೆಳ್ತಂಗಡಿ ತಾಲೂಕಿನ ಮಕ್ಕಳಿಗೆ ಬಾಹುಬಲಿಯನ್ನು ಪರಿಚಯಿಸಬೇಕಾಗಿಲ್ಲ. ವೇಣೂರಿನಲ್ಲಿ 1604ರಿಂದ ನಿಂತ ಮೂರ್ತಿ ಇದೆ, ಧರ್ಮಸ್ಥಳದಲ್ಲಿಯೂ ಇದೆ. ಪಂಪನ ಆದಿಪುರಾಣದಲ್ಲಿ ಭರತ, ಬಾಹುಬಲಿಯರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡುತ್ತಾರೆ. ಭರತ ಸೋಲುತ್ತಾನೆ, ಗೆದ್ದ ತಮ್ಮ ರಾಜ್ಯವನ್ನೇ ಬಿಟ್ಟು ತಪಸ್ಸಿಗೆ ಹೋಗುತ್ತಾನೆ. ರತ್ನಾಕರ ಈ ಯುದ್ಧವನ್ನೇ ತಪ್ಪಿಸಿಬಿಟ್ಟ. ಅವನ ಭರತ ತಮ್ಮನನ್ನು ಒಲಿಸಿಕೊಳ್ಳುವುದು ಮಾತಿನಿಂದ. ಭೋಗದ ನಡುವೆ ಇದ್ದೂ ಯೋಗಿಯಂತಿರುವ ಭರತನೇ ಅವನಿಗೆ ನಾಯಕ.

ಓದುಗರು ಏನೆಂದರು? ಕನ್ನಡಿಗರು, ತೆಲುಗರು, ತುಳುವರು ಎಲ್ಲರೂ ತಲೆದೂಗಿ ಕೇಳಬೇಕೆಂಬುದು ಕವಿಯ ಆಸೆಯಾಗಿತ್ತು. ಆದರೆ ಕಾವ್ಯದಲ್ಲಿ ಶಾಸ್ತ್ರಕ್ಕೆ ಒಪ್ಪದ ಮಾತಿದೆ ಎಂದು ಆನೆಯ ಮೇಲೆ ಮೆರವಣಿಗೆ ಮಾಡಲು ಗುರುಗಳು ಒಪ್ಪಲಿಲ್ಲವೆಂದೂ ಕವಿ ಮುನಿದು ಮತವನ್ನೇ ಬಿಟ್ಟು ಹೋಗಿ ಮತ್ತೆ ಮರಳಿದನೆಂದೂ ಪ್ರತೀತಿ. ಐತಿಹ್ಯ ಎಷ್ಟು ನಿಜವೋ, ಅದರೊಳಗಿನ ನೋವು ಮಾತ್ರ ನಿಜವಾದದ್ದು. ಹೊಸದಾಗಿ ಹೇಳುವವನಿಗೂ ಹಳೆಯದನ್ನು ಕಾಯುವವನಿಗೂ ಕಥೆಯ ಮೇಲಿರುವುದು ಪ್ರೀತಿಯೇ. ನಾಲ್ಕೂವರೆ ಶತಮಾನದ ಬಳಿಕ ‘ಭರತೇಶ ವೈಭವ’ವೂ ಉಳಿದಿದೆ, ಆದಿಪುರಾಣವೂ ಉಳಿದಿದೆ. ಒಂದು ಇನ್ನೊಂದನ್ನು ಅಳಿಸಲಿಲ್ಲ.

ಕರಾವಳಿಯ ಕ್ರೈಸ್ತ ಮನೆಗಳಿಗೂ ಇಂಥ ಪರಂಪರೆ ಉಂಟು. ಇಂಗ್ಲೆಂಡಿನಿಂದ ಗೋವೆಗೆ ಬಂದ ಪಾದ್ರಿ ಥಾಮಸ್ ಸ್ಟೀಫನ್ಸ್ ಬೈಬಲಿನ ಕಥೆಯನ್ನು ಮರಾಠಿ ಓವಿಗಳಲ್ಲಿ ‘ಕ್ರಿಸ್ತಪುರಾಣ’ವಾಗಿ ಬರೆದು 1616ರಲ್ಲಿ ಅಚ್ಚು ಹಾಕಿಸಿದರು. ಸ್ವರ್ಗಕ್ಕೆ ಅವರು ಬಳಸಿದ ಹೆಸರು ವೈಕುಂಠ! ಗೋವೆಯಿಂದ ಈ ಕಡೆ ಬಂದು ನೆಲೆಸಿದ ಕೊಂಕಣಿ ಕುಟುಂಬಗಳು ಅದನ್ನು ಜೋಪಾನ ಮಾಡಿದವು. 1907ರಲ್ಲಿ ಮಂಗಳೂರಿನಲ್ಲಿಯೇ ಅದು ಮರುಮುದ್ರಣ ಕಂಡಿತು.

ಗೆರೆ ಎಲ್ಲಿಂದ ಬಂತು?

ಕಿರುತೆರೆ ಬಂದ ಮೇಲೆ ಕೇಳುಗನ ಸ್ಥಾನ ಸ್ವಲ್ಪ ಬದಲಾಯಿತು. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ರಮಾನಂದ ಸಾಗರರ ‘ರಾಮಾಯಣ’ ಬಂದಾಗ ದೇಶದ ಎಷ್ಟೋ ಕಡೆ ಟಿ.ವಿ.ಗೆ ಹೂಮಾಲೆ ಬಿತ್ತು. ಆಮೇಲೆ ‘ಮಹಾಭಾರತ’ ಬಂತು, 1990ರ ದಶಕದಲ್ಲಿ ‘ಬೈಬಲ್ ಕಿ ಕಹಾನಿಯಾಂ’ ಬಂತು. ಇವು ವೇಷ ಬದಲಿಸಿದವುಗಳಲ್ಲ. ಕಿರೀಟ, ಗದೆ, ಗಡ್ಡ ಎಲ್ಲವೂ ಹಳೆಯವೇ. ಹಾಗಾಗಿ ‘ಇದೇ ಮೂಲ’ ಎಂಬ ನಂಬಿಕೆ ಸುಲಭವಾಗಿ ಹುಟ್ಟಿತು.

ಒಂದು ಉದಾಹರಣೆ ಸಾಕು. ಲಕ್ಷ್ಮಣ ಎಳೆದ ಗೆರೆಯನ್ನು ಟಿ.ವಿ.ಯಲ್ಲಿ ನೋಡದವರಿಲ್ಲ. ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಆ ಗೆರೆ ಇಲ್ಲ. ಅದು ನಂತರದ ರಾಮಕಥೆಗಳು ಕೊಟ್ಟದ್ದು. ಇದನ್ನು ತಿಳಿದರೆ ಭಕ್ತಿಗೆ ಕುಂದಿಲ್ಲ. ಯಾರು, ಯಾವಾಗ, ಏಕೆ ಸೇರಿಸಿದರು ಎಂಬ ಕುತೂಹಲ ಹುಟ್ಟಿದರೆ ಅದೇ ಓದಿನ ಆರಂಭ.

ನೋಡಿದರೆ ಅಪಾಯ ಎದ್ದು ಕಾಣುವ ಹೊಸ ವೇಷಕ್ಕಿಂತ ಹಳೆಯ ವೇಷದಲ್ಲೇ ಹೆಚ್ಚು. ಟ್ಯಾಂಕನ್ನು ಕಂಡ ಮಗು ‘ಮೂಲದಲ್ಲಿ ಹೀಗಿತ್ತೇ?’ ಎಂದು ಕೇಳುತ್ತದೆ. ಕಿರೀಟವನ್ನು ಕಂಡ ಮಗು ಕೇಳುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಇಂಥ ಧಾರಾವಾಹಿ ಬಂದಾಗ ಹೆತ್ತವರಿಗೆ ಎರಡು ದಾರಿ ಸುಲಭವಾಗಿ ಕಾಣುತ್ತವೆ. ದೇವರ ಕಥೆಯಲ್ಲವೇ ಎಂದು ಮಕ್ಕಳನ್ನು ಟಿ.ವಿ. ಎದುರು ಬಿಟ್ಟು ಒಳಗೆ ಹೋಗುವುದು ಒಂದು. ಕಥೆ ಕೆಡಿಸಿದರು ಎಂದು ಟಿ.ವಿ.ಯನ್ನೇ ಬಂದ್ ಮಾಡುವುದು ಇನ್ನೊಂದು. ಎರಡರಲ್ಲಿಯೂ ಮಾತುಕತೆಗೆ ಎಡೆಯಿಲ್ಲ. ಜೊತೆಗೆ ಕುಳಿತು ನೋಡಿ, ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿಕೊಂಡರೆ ಚೆನ್ನ. ಏನು ಬದಲಾಯಿತು? ಬದಲಾದದ್ದು ವೇಷವೇ, ಎಲುಬೇ? ಮೂಲ ಕಥೆ ಕೇಳಿದ ಪ್ರಶ್ನೆ ಇನ್ನೂ ಕೇಳಿಸುತ್ತಿದೆಯೇ?

ಮೊದಲ ಪ್ರಶ್ನೆಗೆ ಉತ್ತರ ಬೇಕಾದರೆ ಮೂಲ ಗೊತ್ತಿರಬೇಕು. ಅಜ್ಜಿ ಹೇಳಿದ ಕಥೆ, ಶಾಲೆಯ ಗ್ರಂಥಾಲಯದ ಪುಸ್ತಕ, ಊರಿನ ಕೂಟ ಯಾವುದಾದರೂ ಆದೀತು. ವಿದ್ಯಾರ್ಥಿಗಳು ತಮ್ಮದಲ್ಲದ ಧರ್ಮದ ಕಥೆಯನ್ನೂ ಒಮ್ಮೆ ಮೂಲದಲ್ಲಿ ಓದಲಿ. ನೆರೆಮನೆಯವರಿಗೆ ಯಾವ ಬದಲಾವಣೆ ನೋವು ತಂದೀತು ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ದಾವೀದನ ಕಥೆಯಲ್ಲಿಯೇ ಇದಕ್ಕೊಂದು ಪಾಠವಿದೆ. ಅರಸನಾದ ಮೇಲೆ ಅವನು ತನ್ನ ಸೈನಿಕನೊಬ್ಬನ ಹೆಂಡತಿಯನ್ನು ಬಯಸಿ, ಆ ಸೈನಿಕ ಯುದ್ಧದಲ್ಲಿ ಸಾಯುವಂತೆ ಮಾಡುತ್ತಾನೆ. ಪ್ರವಾದಿ ನಾತಾನ ನೇರವಾಗಿ ಗದರಿಸುವುದಿಲ್ಲ. ಬಡವನ ಒಂದೇ ಒಂದು ಕುರಿಮರಿಯನ್ನು ಕಸಿದುಕೊಂಡ ಶ್ರೀಮಂತನ ಕಥೆ ಹೇಳುತ್ತಾನೆ. ಕೇಳಿದ ಅರಸ ಸಿಡಿದೆದ್ದು, ಅಂಥವನಿಗೆ ಮರಣವೇ ತಕ್ಕದ್ದೆಂದು ತೀರ್ಪು ಕೊಡುತ್ತಾನೆ. ಆ ಶ್ರೀಮಂತ ಬೇರಾರೂ ಅಲ್ಲ, ಸಿಂಹಾಸನದ ಮೇಲೆ ಕುಳಿತವನೇ ಎಂದು ನಾತಾನ ಆಗ ತಿಳಿಸುತ್ತಾನೆ. ನಡೆದ ಘಟನೆಗೆ ಬೇರೆ ವೇಷ ತೊಡಿಸಿದ್ದರಿಂದಲೇ ದಾವೀದನಿಗೆ ತನ್ನ ಮುಖ ಕಂಡಿತು.

ಹೊಸ ವೇಷದ ಕಥೆ ನೋಡಿ ಏಳುವಾಗ, ಅವರು ಕಥೆಯನ್ನು ಏನು ಮಾಡಿದರು ಎಂಬುದರ ಜೊತೆಗೆ ಕಥೆ ನಮ್ಮನ್ನು ಏನು ಕೇಳಿತು ಎಂಬುದನ್ನೂ ಮಕ್ಕಳು ಯೋಚಿಸಲಿ. ವಾಲಿಯ ಪ್ರಶ್ನೆಯನ್ನು ಕಟ್ಟೆಯ ಮೇಲೆ ಚರ್ಚಿಸುತ್ತ ಬಂದ ಊರಿನ ಮಕ್ಕಳಿಗೆ ಅದು ಕಷ್ಟವಾಗಲಾರದು.